ಎಲುಬು ಎದ್ದು ಕಾಣಬೇಕು: ಪಾನ್ ದೆ ಮುವೆರ್ತೊ ಮನೆಯಲ್ಲಿ ಮಾಡುವ ಬಗೆ

ಮೆಕ್ಸಿಕೋದ ಗ್ವಾದಲಹಾರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಅಡುಗೆಮನೆಯ ಮೇಜು ಖಾಲಿ ಮಾಡಿ ಒರೆಸಿಡುತ್ತಿದ್ದರು. ಆಮೇಲೆ ಎರಡು ದಿನ ಅದರ ಮೇಲೆ ಹಿಟ್ಟು, ಬೆಣ್ಣೆ, ಮೊಟ್ಟೆ, ಒಂದು ಬುಟ್ಟಿ ಕಿತ್ತಳೆ ಬಿಟ್ಟರೆ ಬೇರೇನೂ ಇಡುವಂತಿರಲಿಲ್ಲ. ತೀರಿಹೋದ ತಾಯಿಗೆ, ಅಣ್ಣನಿಗೆ, ಹುಟ್ಟಿದ ಕೆಲವೇ ದಿನಕ್ಕೆ ಕಣ್ಮುಚ್ಚಿದ ಒಂದು ಕೂಸಿಗೆ ಅವರು ಬ್ರೆಡ್ ಮಾಡುತ್ತಿದ್ದರು. ಅದರ ಹೆಸರು ಪಾನ್ ದೆ ಮುವೆರ್ತೊ. ಪಾನ್ ಅಂದರೆ ಬ್ರೆಡ್, ಮುವೆರ್ತೊ ಅಂದರೆ ಸತ್ತವರು.

ಹೆಸರು ಕೇಳಿ ಕೆಲವರಿಗೆ ಕಸಿವಿಸಿಯಾಗಬಹುದು. ಪಿತೃಪಕ್ಷದಲ್ಲಿ ಎಡೆ ಇಡುವುದನ್ನು ನೋಡಿ ಬೆಳೆದವರಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರ್ 1ರಂದು ತೀರಿಹೋದ ಮಕ್ಕಳು, 2ರಂದು ದೊಡ್ಡವರು ಮನೆಗೆ ಬಂದುಹೋಗುತ್ತಾರೆ ಎಂಬುದು ಅಲ್ಲಿಯ ನಂಬಿಕೆ. ಅವರ ಫೋಟೊದ ಮುಂದೆ ಒಂದು ಲೋಟ ನೀರು, ಉಪ್ಪು, ಮೇಣದ ದೀಪ, ಅವರಿಗೆ ಇಷ್ಟವಾಗಿದ್ದ ತಿಂಡಿ, ಜೊತೆಗೆ ಈ ಬ್ರೆಡ್ ಇಡುತ್ತಾರೆ. ಸುತ್ತ ಚೆಂಡುಹೂವು. ನಾವು ಆಯುಧಪೂಜೆಗೆ ಮಾರುಗಟ್ಟಲೆ ಕೊಳ್ಳುವ ಇದೇ ಚೆಂಡುಹೂವಿನ ತವರು ಮೆಕ್ಸಿಕೋ. ಅಲ್ಲಿ ಅದಕ್ಕೆ ಸೆಂಪಾಸೂಚಿಲ್ ಎನ್ನುತ್ತಾರೆ. ಅಲ್ಲಿಯ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಮೂಲ ಪದಕ್ಕೆ ‘ಇಪ್ಪತ್ತು ಹೂ’ ಎಂಬ ಅರ್ಥವಿದೆ. ಈ ಆಚರಣೆಯನ್ನು ಯುನೆಸ್ಕೊ 2008ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ರೆಡ್ ದುಂಡಗಿರುತ್ತದೆ. ಮೇಲೆ ಒಂದಕ್ಕೊಂದು ಅಡ್ಡಡ್ಡವಾಗಿ ಹಿಟ್ಟಿನದೇ ಎರಡು ಎಲುಬು, ನಡುವೆ ತಲೆಬುರುಡೆಯ ಗುರುತಿಗೆ ಒಂದು ಉಂಡೆ. ಮೈತುಂಬ ಸಕ್ಕರೆ. ಮುರಿದರೆ ಒಳಗೆ ಹಳದಿ ಬಣ್ಣದ ಮೆತ್ತನೆಯ ನೂಲು, ಕಿತ್ತಳೆಯ ಘಮ. ಮೆಕ್ಸಿಕೋ ನಗರ ಮತ್ತು ಸುತ್ತಮುತ್ತ ಹೆಚ್ಚು ಕಾಣುವ ಈ ರೂಪವನ್ನೇ ಇಲ್ಲಿ ಹೇಳುತ್ತಿದ್ದೇನೆ. ಊರು ಬದಲಾದರೆ ಬ್ರೆಡ್ಡೂ ಬದಲಾಗುತ್ತದೆ. ಪ್ವೆಬ್ಲಾದಲ್ಲಿ ಎಳ್ಳು ಉದುರಿಸಿ ಅದನ್ನು ಓಹಾಲ್ದ್ರಾ ಎನ್ನುತ್ತಾರೆ. ವಹಾಕದಲ್ಲಿ ಮೊಟ್ಟೆಯ ಹಳದಿ ಧಾರಾಳವಾಗಿ ಹಾಕಿದ ಪಾನ್ ದೆ ಯೆಮಾ ಮಾಡಿ, ಬಣ್ಣ ಬಳಿದ ಪುಟಾಣಿ ಮುಖವೊಂದನ್ನು ಅದರಲ್ಲಿ ಹುದುಗಿಸುತ್ತಾರೆ.

ಗೋಧಿ ಆ ನೆಲದ ಬೆಳೆಯಲ್ಲ. 1521ರಲ್ಲಿ ಅಜ್ಟೆಕರ ರಾಜಧಾನಿ ತೆನೋಚ್ತಿತ್ಲಾನ್ ಸ್ಪೇನಿನವರ ಕೈಗೆ ಬಿದ್ದ ಮೇಲೆ ಅದು ಅಲ್ಲಿ ಬೇರೂರಿತು. ಆಫ್ರಿಕಾ ಮೂಲದ ಹುವಾನ್ ಗರ್ರಿದೊ 1538ರಲ್ಲಿ ಸ್ಪೇನಿನ ದೊರೆಗೆ ಸಲ್ಲಿಸಿದ ಅರ್ಜಿಯಲ್ಲಿ, ಇಲ್ಲಿ ಮೊದಲು ಗೋಧಿ ಬಿತ್ತಿದವನು ತಾನೇ ಎಂದು ಬರೆಸಿದ್ದಾರೆ. ಅದಕ್ಕೂ ಮೊದಲು ಅಲ್ಲಿಯವರು ರಾಜಗಿರಿ ಹಿಟ್ಟಿಗೆ ಸಿಹಿ ಪಾಕ ಬೆರೆಸಿ ದೇವರ ಮೂರ್ತಿ ಮಾಡಿ ಹಂಚಿ ತಿನ್ನುತ್ತಿದ್ದರು. ಇಂದಿಗೂ ಅಲ್ಲಿಯ ಬೀದಿಗಳಲ್ಲಿ ‘ಅಲೆಗ್ರಿಯಾ’ ಎಂಬ ಹೆಸರಲ್ಲಿ ಮಾರುವ ತಿನಿಸು ನೋಡಿದರೆ ನಮ್ಮ ರಾಜಗಿರಿ ಚಿಕ್ಕಿಯೇ ನೆನಪಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ.

ಬೇಕಾದ್ದು

ತಲಾ ಅರ್ಧ ಕಿಲೋದ ಎರಡು ಬ್ರೆಡ್‌ಗೆ ಈ ಅಳತೆ. ಲೋಟದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿಕೊಳ್ಳಿ.

ಮೈದಾ 500 ಗ್ರಾಂ
ಸಕ್ಕರೆ 100 ಗ್ರಾಂ
ಉಪ್ಪಿಲ್ಲದ ಬೆಣ್ಣೆ 120 ಗ್ರಾಂ
ಮೊಟ್ಟೆ 3, ಜೊತೆಗೆ ಇನ್ನೆರಡು ಮೊಟ್ಟೆಯ ಹಳದಿ ಮಾತ್ರ
ಹಾಲು 120 ಮಿಲಿ
ಇನ್‌ಸ್ಟಂಟ್ ಯೀಸ್ಟ್ 8 ಗ್ರಾಂ (ಸುಮಾರು ಎರಡೂವರೆ ಟೀ ಚಮಚ)
ಉಪ್ಪು 6 ಗ್ರಾಂ
ಎರಡು ಕಿತ್ತಳೆಯ ಸಿಪ್ಪೆಯ ತುರಿ
ಆನಿಸ್ ಕಾಳು 1 ಟೀ ಚಮಚ
ಕಿತ್ತಳೆ ಹೂವಿನ ನೀರು 1 ದೊಡ್ಡ ಚಮಚ
ಕೊನೆಯಲ್ಲಿ ಬಳಿಯಲು ಬೆಣ್ಣೆ 50 ಗ್ರಾಂ, ಹೊರಳಿಸಲು ಸಕ್ಕರೆ ಒಂದು ಬಟ್ಟಲು

ಮೈದಾ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. 100 ಗ್ರಾಂಗೆ 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಇರುವುದನ್ನೇ ಆರಿಸಿ. ಇಷ್ಟು ಬೆಣ್ಣೆ, ಮೊಟ್ಟೆಯ ಭಾರ ಹೊರಲು ಹಿಟ್ಟಿಗೆ ಕಸುವು ಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಪಸೆ ಹೋಗುವ ತನಕ ತೊಳೆದು, ಬಟ್ಟೆಯಲ್ಲಿ ಹಿಂಡಿ, ಆಮೇಲೆ ತೂಗಿ. ಉಪ್ಪು ಹಾಕಿದ ಬೆಣ್ಣೆಯೇ ಸಿಕ್ಕಿದರೆ ಪಟ್ಟಿಯ ಉಪ್ಪನ್ನು ಅರ್ಧಕ್ಕೆ ಇಳಿಸಿ.

ಆನಿಸ್ ಕಾಳಿಗೆ ಸೋಂಪಿನದೇ ಹತ್ತಿರದ ಪರಿಮಳ, ಆದರೆ ಗಿಡ ಬೇರೆ. ಅದು ಸಿಗದಿದ್ದರೆ ಅರ್ಧ ಚಮಚ ಸೋಂಪು ಸಾಕು. ಕಿತ್ತಳೆ ಹೂವಿನ ನೀರು ಆನ್‌ಲೈನ್‌ನಲ್ಲೂ ಅರಬ್ ಸಾಮಾನು ಮಾರುವ ಅಂಗಡಿಗಳಲ್ಲೂ ಸಿಗುತ್ತದೆ. ಸಿಗಲಿಲ್ಲವೆಂದರೆ ಇನ್ನೊಂದು ಕಿತ್ತಳೆಯ ಸಿಪ್ಪೆ ತುರಿದು ಹಾಕಿ. ಬಾಟಲಿಯ ಆರೆಂಜ್ ಎಸೆನ್ಸ್ ದಯವಿಟ್ಟು ಬೇಡ; ಇಡೀ ಬ್ರೆಡ್ ಪೆಪ್ಪರಮಿಂಟಿನ ಹಾಗೆ ವಾಸನೆ ಹೊಡೆಯುತ್ತದೆ. ಗುಲಾಬಿ ನೀರೂ ಬೇಡ.

ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡರಲ್ಲೂ ಸಿಪ್ಪೆ ಸಡಿಲ. ಸುಲಿದ ಮೇಲೆ ತುರಿಯಲು ಹೋದರೆ ಬರುವುದಿಲ್ಲ. ಇಡೀ ಹಣ್ಣನ್ನು ತೊಳೆದು ಒರೆಸಿ, ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು, ಸಣ್ಣ ತುರಿಮಣೆಯ ಮೇಲೆ ಹಗುರವಾಗಿ ಆಡಿಸಿ. ಕಿತ್ತಳೆ ಬಣ್ಣದ ಮೇಲ್ಪದರ ಮಾತ್ರ ಸಾಕು; ಒಳಗಿನ ಬಿಳಿ ಕಹಿ.

ಹಿಂದಿನ ಸಂಜೆ: ಹಿಟ್ಟು ಕಲಸುವುದು

ಹಾಲಿಗೆ ಆನಿಸ್ ಕಾಳು ಹಾಕಿ ಒಂದು ಕುದಿ ಬರಿಸಿ, ಮುಚ್ಚಿಟ್ಟು ಆರಲು ಬಿಡಿ. ಸೋಸಿದಾಗ ನೂರು ಮಿಲಿಯ ಆಸುಪಾಸು ಉಳಿಯುತ್ತದೆ. ಅಷ್ಟೇ ಬೇಕಾಗಿರುವುದು. ಈ ಹಾಲು ಎಷ್ಟು ಬಿಸಿ ಇರಬೇಕು ಎಂದು ಥರ್ಮಾಮೀಟರ್ ಹುಡುಕಬೇಡಿ. ಮೊಸರಿಗೆ ಹೆಪ್ಪು ಹಾಕುವಾಗ ಇರುವಷ್ಟು ಬೆಚ್ಚಗಿದ್ದರೆ ಸರಿ. ಅದಕ್ಕಿಂತ ಬಿಸಿಯಾದರೆ ಯೀಸ್ಟ್ ಸಾಯುತ್ತದೆ, ಹೆಪ್ಪು ಕೆಡುವ ಹಾಗೆಯೇ. ಹಾಲಿಗೆ ಯೀಸ್ಟ್, ಒಂದು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಮೈದಾ ಕದಡಿ ಕಾಲು ಗಂಟೆ ಇಡಿ. ಮೇಲೆ ನೊರೆ ಎದ್ದು ಗುಳ್ಳೆ ಕಾಣಬೇಕು. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊಸ ಯೀಸ್ಟ್ ತನ್ನಿ. ಮೂರು ಮೊಟ್ಟೆ ಒಡೆದು ಹಾಕಿದ ಮೇಲೆ ಪರಿತಪಿಸುವುದಕ್ಕಿಂತ ಇದು ಲೇಸು.

ಉಳಿದ ಸಕ್ಕರೆಗೆ ಕಿತ್ತಳೆ ತುರಿ ಹಾಕಿ ಬೆರಳ ತುದಿಯಲ್ಲಿ ಚೆನ್ನಾಗಿ ಹೊಸಕಿ. ಸಕ್ಕರೆ ತೇವಗೊಂಡು ತೆಳು ಹಳದಿಗೆ ತಿರುಗುತ್ತದೆ, ಸಿಪ್ಪೆಯ ಎಣ್ಣೆ ಪೂರ್ತಿ ಅದಕ್ಕಿಳಿಯುತ್ತದೆ. ಎರಡೇ ನಿಮಿಷದ ಕೆಲಸ, ಬಿಡಬೇಡಿ.

ಅಗಲ ಪಾತ್ರೆಯಲ್ಲಿ ಮೈದಾ, ಈ ಸಕ್ಕರೆ, ಉಪ್ಪು ಬೆರೆಸಿ. ನೊರೆಯೆದ್ದ ಹಾಲು, ಮೊಟ್ಟೆ, ಹಳದಿ, ಕಿತ್ತಳೆ ಹೂವಿನ ನೀರು ಸೇರಿಸಿ ಕಲಸಿ. ಬೆಣ್ಣೆ ಈಗಲೇ ಬೇಡ. ಹಿಟ್ಟು ಒಟ್ಟುಗೂಡಿದ ಮೇಲೆ ಇಪ್ಪತ್ತು ನಿಮಿಷ ಮುಚ್ಚಿಡಿ, ಆಮೇಲೆ ಹತ್ತು ನಿಮಿಷ ನಾದಿ.

ಇನ್ನು ಬೆಣ್ಣೆ. ಅದು ಕರಗಿರಬಾರದು, ಬೆರಳು ಒತ್ತಿದರೆ ಇಳಿಯುವಷ್ಟು ಮೆತ್ತಗಿರಬೇಕು. ನಿಂಬೆ ಗಾತ್ರದ ಒಂದೊಂದೇ ಉಂಡೆ ಹಾಕುತ್ತ, ಅದು ಪೂರ್ತಿ ಒಳಗೆ ಹೋದ ಮೇಲೆ ಇನ್ನೊಂದು ಹಾಕಿ. ಈ ಹಂತದಲ್ಲಿ ಎಲ್ಲರಿಗೂ ಗಾಬರಿಯಾಗುತ್ತದೆ. ಹಿಟ್ಟು ಹರಿದು ಚೂರುಚೂರಾಗುತ್ತದೆ, ಕೈಗೆಲ್ಲ ಮೆತ್ತಿಕೊಳ್ಳುತ್ತದೆ, ಹಾಳಾಯಿತು ಅನ್ನಿಸುತ್ತದೆ. ಆಗ ಒಣ ಮೈದಾ ಉದುರಿಸುವ ಆಸೆ ತಡೆದುಕೊಳ್ಳಿ. ಹಿಟ್ಟನ್ನು ಎತ್ತಿ ಕಟ್ಟೆಗೆ ಬಡಿದು, ಎಳೆದು, ಮಡಚಿ. ಮತ್ತೆ ಎತ್ತಿ ಬಡಿಯಿರಿ. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ನಾದಿ ಬಲ್ಲವರಿಗೆ ಈ ಅಂಟು ಹೊಸದಲ್ಲ. ಹತ್ತು ಹದಿನೈದು ನಿಮಿಷಕ್ಕೆ ಹಿಟ್ಟು ತಾನಾಗಿ ಕೈ ಬಿಡುತ್ತದೆ, ಮೈ ನುಣುಪಾಗಿ ಹೊಳೆಯುತ್ತದೆ. ಸ್ವಲ್ಪ ಚಿವುಟಿ ಎರಡೂ ಕೈ ಬೆರಳಲ್ಲಿ ಹಿಗ್ಗಿಸಿ ನೋಡಿ. ಹರಿಯದೆ, ಆಚೆ ಬದಿಯ ಬೆಳಕು ಕಾಣುವಷ್ಟು ತೆಳ್ಳಗೆ ಬಂದರೆ ಹದ ಬಂತು. ಹುಕ್ ಇರುವ ಮಿಕ್ಸರ್ ಇದ್ದರೆ ಸಣ್ಣ ವೇಗದಲ್ಲೇ ಇಷ್ಟೂ ಮಾಡಬಹುದು. ಹಿಟ್ಟು ಬಿಸಿಯೇರಿ ಬೆಣ್ಣೆ ಜಿನುಗಿದರೆ ಮಾತ್ರ ಹತ್ತು ನಿಮಿಷ ಫ್ರಿಜ್ಜಿಗೆ ಹಾಕಿ ಮುಂದುವರಿಸಿ.

ಬೆಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಟ್ಟರೆ ನಮ್ಮ ಅಕ್ಟೋಬರ್ ಹವೆಗೆ ಒಂದೂವರೆ ಗಂಟೆಯಲ್ಲಿ ಇಮ್ಮಡಿಯಾಗುತ್ತದೆ. ಕರಾವಳಿಯವರಿಗೆ ಒಂದೇ ಗಂಟೆ ಸಾಕಾಗಬಹುದು; ಗಡಿಯಾರ ಬಿಟ್ಟು ಹಿಟ್ಟನ್ನೇ ನೋಡಿ. ಒತ್ತಿ ಗಾಳಿ ಇಳಿಸಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಅದೇ ದಿನ ಬೇಯಿಸಲೂಬಹುದು, ಆದರೆ ರಾತ್ರಿ ತಂಪಿನಲ್ಲಿದ್ದ ಹಿಟ್ಟಿಗೆ ರುಚಿ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಬೆಣ್ಣೆ ಗಟ್ಟಿಯಾಗಿರುವುದರಿಂದ ಎಲುಬು ಹೊಸೆಯಲು ಬರುತ್ತದೆ.

ಮರುದಿನ: ಎಲುಬು

ನಾನು ಮೊದಲ ಸಲ ಒಬ್ಬಳೇ ಮಾಡಿದಾಗ ಒವನ್‌ನಿಂದ ಬಂದದ್ದು ಬರೀ ದೊಡ್ಡ ಬನ್ನು. ಎಲುಬುಗಳು ಉಬ್ಬಿ ಚಪ್ಪಟೆಯಾಗಿ ಬ್ರೆಡ್ಡಿನ ಮೈಯೊಳಗೇ ಸೇರಿಹೋಗಿದ್ದವು. ಮನೆ ಒಡತಿಗೆ ತೋರಿಸಿದೆ. ನನ್ನನ್ನು ಅವರು ‘ಮಿಹಾ’ ಎನ್ನುತ್ತಿದ್ದರು, ಮಗಳೇ ಅಂತ. ನಾನು ಅವರಿಗೆ ‘ದೋನ್ಯಾ’ ಎನ್ನುತ್ತಿದ್ದೆ, ಹೆಂಗಸರನ್ನು ಗೌರವದಿಂದ ಕರೆಯುವ ಮಾತು ಅದು. “ಮಿಹಾ, ಎಲುಬೇ ಕಾಣದಿದ್ದರೆ ಇದು ತನಗಾಗಿ ಮಾಡಿದ್ದು ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು?” ಎಂದರು. ಗದರಲಿಲ್ಲ, ನಿಜಕ್ಕೂ ಕೇಳಿದರು. ಅವತ್ತು ಅವರು ಪಕ್ಕದಲ್ಲಿ ನಿಂತು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ರಿಜ್ಜಿನಿಂದ ತೆಗೆದ ಹಿಟ್ಟು ಸುಮಾರು ಒಂದು ಕಿಲೋ ತೂಗುತ್ತದೆ. ಅದರಲ್ಲಿ 200 ಗ್ರಾಂ ಬೇರೆ ತೆಗೆದಿಡಿ. ಅದು ಎಲುಬಿನ ಪಾಲು. ಉಳಿದದ್ದನ್ನು ಎರಡು ಭಾಗ ಮಾಡಿ, ಅಂಚುಗಳನ್ನು ತಳಕ್ಕೆ ಎಳೆದು ಒತ್ತುತ್ತ ಬಿಗಿಯಾದ ಉಂಡೆ ಕಟ್ಟಿ. ಮೇಲ್ಮೈ ಬಿಗಿಯಾಗಿರದಿದ್ದರೆ ಬ್ರೆಡ್ ಎತ್ತರಕ್ಕೇಳದೆ ಅಗಲಕ್ಕೆ ಹರಡುತ್ತದೆ. ಬಟರ್ ಪೇಪರ್ ಹಾಸಿದ ಟ್ರೇಯಲ್ಲಿಟ್ಟು ಅಂಗೈಯಿಂದ ಸ್ವಲ್ಪ ಒತ್ತಿ, ತೆಳು ಬಟ್ಟೆ ಮುಚ್ಚಿ. ಎರಡರ ನಡುವೆ ಒಂದು ಗೇಣು ಜಾಗ ಇರಲಿ. ನಿಮ್ಮ ಟ್ರೇ ಸಣ್ಣದಾದರೆ ಒಂದನ್ನು ಫ್ರಿಜ್ಜಿನಲ್ಲೇ ಉಳಿಸಿ ಆಮೇಲೆ ಬೇಯಿಸಿ.

ಎಲುಬಿನ ಪಾಲಿಗೆ ಎರಡು ದೊಡ್ಡ ಚಮಚ ಮೈದಾ ಹಾಕಿ ನಾದಿ. ದೋನ್ಯಾರ ಗುಟ್ಟು ಇದೇ. ಈ ಹಿಟ್ಟು ಬ್ರೆಡ್ಡಿನ ಹಿಟ್ಟಿಗಿಂತ ಗಟ್ಟಿ, ಹಾಗಾಗಿ ಅಷ್ಟು ಉಬ್ಬುವುದಿಲ್ಲ. ಮತ್ತೆ ಫ್ರಿಜ್ಜಿಗೆ ಹಾಕಿ, ಮುಕ್ಕಾಲು ಗಂಟೆ ಅಲ್ಲೇ ಇರಲಿ. ಅಷ್ಟರಲ್ಲಿ ಟ್ರೇಯ ಉಂಡೆಗಳು ತಂಪು ಬಿಟ್ಟು ಅರ್ಧದಷ್ಟು ಉಬ್ಬಿರುತ್ತವೆ.

ಈಗ ಗಟ್ಟಿ ಹಿಟ್ಟನ್ನು ಎರಡು ಬ್ರೆಡ್‌ಗೆ ಪಾಲು ಮಾಡಿ. ಒಂದೊಂದು ಪಾಲಿನಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಉಂಡೆ ತೆಗೆದಿಟ್ಟು, ಮಿಕ್ಕದ್ದನ್ನು ಎರಡು ಬತ್ತಿಯಾಗಿ ಹೊಸೆಯಿರಿ. ಒಂದೊಂದೂ ಒಂದು ಗೇಣುದ್ದ ಬರಬೇಕು. ಬತ್ತಿಯ ಮೇಲೆ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಅಗಲಿಸಿ ಇಟ್ಟು, ಒತ್ತಿ, ಮುಂದಕ್ಕೂ ಹಿಂದಕ್ಕೂ ಉರುಳಿಸಿ. ಬೆರಳಿದ್ದಲ್ಲಿ ಹಿಟ್ಟು ತೆಳುವಾಗುತ್ತದೆ, ಬೆರಳ ಸಂದಿಯಲ್ಲಿ ಗಂಟು ಉಳಿಯುತ್ತದೆ. ನಾಲ್ಕು ಗಂಟು, ಮೂರು ಸೊಂಟ. ತೆಳುವಾದ ಕಡೆ ಇನ್ನೂ ತೆಳುವಾಯಿತೇನೋ ಅನ್ನಿಸುವಷ್ಟು ಒತ್ತಿ, ಒವನ್‌ನಲ್ಲಿ ಅದು ದಪ್ಪವಾಗಿಯೇ ಆಗುತ್ತದೆ. ದೋನ್ಯಾ ಒಂದು ಎಲುಬನ್ನು ಮೂರು ಸಲ ಉರುಳಿಸಿ ಮುಗಿಸುತ್ತಿದ್ದರು. ಅವರ ಬೆರಳ ಗೆಣ್ಣುಗಳು ಸಂಧಿವಾತಕ್ಕೆ ಊದಿಕೊಂಡಿದ್ದವು, ಎಲುಬಿನ ಗಂಟುಗಳು ಒಂದೂ ತಪ್ಪುತ್ತಿರಲಿಲ್ಲ.

ಉಂಡೆಯ ಮೇಲೆ ಮೊಟ್ಟೆಯ ಬಿಳಿ ಸವರಿ ಎಲುಬನ್ನು ಅಡ್ಡಡ್ಡ ಇಟ್ಟು, ನಾಲ್ಕೂ ತುದಿಯನ್ನು ಬ್ರೆಡ್ಡಿನ ಅಡಿಗೆ ಸಿಕ್ಕಿಸಿ. ಹಾಗೇ ಬಿಟ್ಟರೆ ಬೇಯುವಾಗ ತುದಿ ಮೇಲೆದ್ದು ನಿಲ್ಲುತ್ತದೆ. ಎಲುಬುಗಳು ಕೂಡುವಲ್ಲಿ ಬೆರಳಿನಿಂದ ಬ್ರೆಡ್ಡಿನ ಅರ್ಧದ ತನಕ ಇಳಿಯುವಂತೆ ಗುಳಿ ಮಾಡಿ, ಅದಕ್ಕೆ ಬಿಳಿ ಸವರಿ ನೆಲ್ಲಿಕಾಯಿ ಉಂಡೆಯನ್ನು ಕೂರಿಸಿ. ಗುಳಿ ಆಳವಿಲ್ಲದಿದ್ದರೆ ತಲೆ ಒಂದು ಬದಿಗೆ ಜಾರುತ್ತದೆ.

ಮತ್ತೆ ಮುಚ್ಚಿ ಮುಕ್ಕಾಲು ಗಂಟೆ. ಬದಿಯಲ್ಲಿ ಬೆರಳು ಒತ್ತಿದರೆ ಗುಳಿ ನಿಧಾನಕ್ಕೆ ಅರ್ಧ ತುಂಬಿಕೊಳ್ಳಬೇಕು. ತಟ್ಟನೆ ಪುಟಿದರೆ ಇನ್ನೂ ಹೊತ್ತಿದೆ, ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ. ಅನುಮಾನವಿದ್ದರೆ ಸ್ವಲ್ಪ ಬೇಗನೇ ಒವನ್‌ಗೆ ಹಾಕಿ. ಅತಿಯಾಗಿ ಉಬ್ಬಿದ ಬ್ರೆಡ್ಡಿನಲ್ಲಿ ಎಲುಬು ಉಳಿಯುವುದಿಲ್ಲ.

ಬೇಯಿಸುವುದು, ಸಕ್ಕರೆ ಹೊದಿಸುವುದು

ಒವನ್ ಅಥವಾ ಓಟಿಜಿಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ, ಮೇಲಿನ ಕೆಳಗಿನ ಎರಡೂ ಸರಳು ಹಾಕಿ, ಕಾಲು ಗಂಟೆ ಕಾಯಿಸಿ. ಟ್ರೇಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಡಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ಸರಳು ಬ್ರೆಡ್ಡಿನ ತಲೆಗೆ ತಾಗುವಷ್ಟು ಹತ್ತಿರವಿರುತ್ತದೆ. ಇಪ್ಪತ್ತು ನಿಮಿಷಕ್ಕೆ ಬಣ್ಣ ಬಂದಿದ್ದರೆ ಅಲ್ಯುಮಿನಿಯಂ ಫಾಯಿಲ್ ಹೊದಿಸಿ. ಒಟ್ಟು 30 ರಿಂದ 35 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಇದೇ ಹಿಟ್ಟಿನಲ್ಲಿ ಹತ್ತು ಸಣ್ಣ ಬ್ರೆಡ್ ಮಾಡಿದರೆ 16 ರಿಂದ 18 ನಿಮಿಷ ಸಾಕು.

ಜಾಲರಿಯ ಮೇಲೆ ಆರಲು ಬಿಡಿ. ಸುಡುವ ಬ್ರೆಡ್‌ಗೆ ಸಕ್ಕರೆ ಹಾಕಿದರೆ ನೀರೊಡೆದು ಪಾಕವಾಗುತ್ತದೆ. ಪೂರ್ತಿ ತಣ್ಣಗಾದರೆ ಬೆಣ್ಣೆ ಹೆಪ್ಪುಗಟ್ಟಿ ಸಕ್ಕರೆ ಉದುರಿಹೋಗುತ್ತದೆ. ಕಾಲು ಗಂಟೆ ಕಳೆದು, ಅಂಗೈ ಇಟ್ಟರೆ ಹಿತವಾಗಿ ಬೆಚ್ಚಗಿರುವಾಗ ಕರಗಿಸಿದ ಬೆಣ್ಣೆಯನ್ನು ಎಲುಬಿನ ಸಂದಿಗೂ ಹೋಗುವಂತೆ ಬಳಿದು, ಕೂಡಲೇ ಸಕ್ಕರೆ ಉದುರಿಸಿ. ನಮ್ಮಲ್ಲಿಯ ಸಕ್ಕರೆ ಹರಳು ದಪ್ಪ, ಹಾಗೇ ಹಾಕಿದರೆ ಅಂಟುವುದು ಅರ್ಧ ಮಾತ್ರ. ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳಿ. ಪುಡಿಯಾಗಬಾರದು, ಹಲ್ಲಿಗೆ ಕರುಮ್ ಅನ್ನಬೇಕು.

ಮೊಟ್ಟೆ ತಿನ್ನದ ಮನೆಗಳಿಗೆ

ಮೊಟ್ಟೆ ಬಿಟ್ಟರೆ ಇದು ಅಲ್ಲಿಯ ಬ್ರೆಡ್ಡೇ ಆಗಿ ಉಳಿಯುತ್ತದೆ ಎಂದು ನಾನು ಹೇಳಲಾರೆ. ಆ ಬಣ್ಣ, ಆ ಮೆತ್ತನೆ ಮೊಟ್ಟೆಯ ಹಳದಿಯದೇ. ಆದರೂ ನಮ್ಮಮ್ಮ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಮನೆಗೆ ಬಂದ ಮೇಲೆ ಹೀಗೆ ಮಾಡುತ್ತೇನೆ: 500 ಗ್ರಾಂ ಮೈದಾಕ್ಕೆ 30 ಗ್ರಾಂ ಹಾಲಿನ ಪುಡಿ ಬೆರೆಸಿ, ಮೊಟ್ಟೆ ಮತ್ತು ಹಾಲಿನ ಬದಲು ಒಟ್ಟು 250 ರಿಂದ 270 ಮಿಲಿ ಹಾಲು. ಬಣ್ಣಕ್ಕೆ ಆ ಬಿಸಿ ಹಾಲಿನಲ್ಲಿ ನಾಲ್ಕೆಸಳು ಕೇಸರಿ ನೆನೆಸಿದರೆ ಸಾಕು. ಬೆಣ್ಣೆ, ಸಕ್ಕರೆ, ಯೀಸ್ಟ್ ಅಷ್ಟೇ ಇರಲಿ. ಎಲುಬು ಅಂಟಿಸಲು ಹಾಲು ಬಳಸಿ. ಮರುದಿನಕ್ಕೆ ಸ್ವಲ್ಪ ಬೇಗ ಒಣಗುತ್ತದೆ, ಹಾಗಾಗಿ ಮಾಡಿದ ದಿನವೇ ತಿನ್ನಿ.

ಜೊತೆಗೆ

ಅಲ್ಲಿ ಇದನ್ನು ಬಿಸಿ ಚಾಕೊಲೇಟ್‌ನಲ್ಲಿ ಅದ್ದಿ ತಿನ್ನುತ್ತಾರೆ. ಅದನ್ನು ನೊರೆ ಬರಿಸುವ ಸಾಧನಕ್ಕೆ ಮೊಲಿನಿಯೊ ಎನ್ನುತ್ತಾರೆ: ಮರದ ಕೋಲು, ಕೆಳಗೆ ಗೀರು ಕೊರೆದ ಗುಂಡು, ಎರಡು ಅಂಗೈಗಳ ನಡುವೆ ಹಿಡಿದು ತಿರುಗಿಸುವುದು. ಮೊದಲ ಸಲ ನೋಡಿದಾಗ ಅಜ್ಜಿಯ ಕಡಗೋಲೇ ಕಣ್ಣಮುಂದೆ ಬಂತು. ಮನೆಯಲ್ಲಿ ಸಣ್ಣ ಕಡಗೋಲಿದ್ದರೆ ಅದೇ ಸಾಕು. ಅರ್ಧ ಲೀಟರ್ ಹಾಲಿಗೆ ಒಂದು ತುಂಡು ಚಕ್ಕೆ ಹಾಕಿ ಕುದಿಸಿ, 60 ಗ್ರಾಂ ಡಾರ್ಕ್ ಚಾಕೊಲೇಟ್ ಕರಗಿಸಿ, ಬೇಕಾದಷ್ಟು ಸಕ್ಕರೆ ಹಾಕಿ, ಒಲೆಯಿಂದ ಇಳಿಸಿ ಕಡೆಯಿರಿ. ನೊರೆ ಒಂದು ಬೆರಳು ದಪ್ಪ ಏಳಬೇಕು.

ದೋನ್ಯಾರ ಮನೆಯಲ್ಲಿ ಮೊದಲ ಬ್ರೆಡ್ಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಫೋಟೊಗಳ ಮುಂದೆ, ನೀರಿನ ಲೋಟದ ಪಕ್ಕ, 2ನೇ ತಾರೀಖಿನ ತನಕ ಇರುತ್ತಿತ್ತು. ಆ ಕೂಸಿಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದೊಂದನ್ನು ಬೇರೆಯೇ ಮಾಡಿ, ಒಂದು ದಿನ ಮೊದಲು ಇಡುತ್ತಿದ್ದರು. ಎರಡು ದಿನಕ್ಕೆ ಬ್ರೆಡ್ ಸ್ವಲ್ಪ ಗಟ್ಟಿಯಾಗುತ್ತದೆ. ಅದನ್ನು ಹೋಳು ಮಾಡಿ, ತವಾಕ್ಕೆ ಬೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಬೇಕು. ಮೈಮೇಲಿನ ಸಕ್ಕರೆ ಕರಗಿ ಕಂದು ಬಣ್ಣಕ್ಕೆ ತಿರುಗಿದ ಆ ಅಂಚನ್ನು, ತಮ್ಮ ತಾಯಿಗೆ ಬಲು ಇಷ್ಟವಿತ್ತೆಂದು, ಅವರು ನನ್ನ ತಟ್ಟೆಗೆ ಹಾಕುತ್ತಿದ್ದರು.